ಎಣ್ಣೆ ಹಚ್ಚಿದ ಹೊಳಪು ನಾಲ್ಕೇ ದಿನ

ಪ್ರಶ್ನೆ: ಶಿಗ್ಗಾವಿ ಕಡೆ ನಮ್ಮದೊಂದು ತೋಟ ಇದೆ. ಶನಿವಾರ, ಭಾನುವಾರ ಬರುವ ಮಂದಿಗೆ ಊಟ, ವಸತಿ ಮಾಡಿಕೊಡುತ್ತೇವೆ. ಮಕ್ಕಳಿಗೆ ಅಂತ ಹೊಂಡದಲ್ಲಿ ಎರಡು ಫೈಬರ್ ಪೆಡಲ್ ದೋಣಿ ಬಿಟ್ಟಿದ್ದೇವೆ, ಒಂದು ಬಿಳಿ, ಒಂದು ಕೆಂಪು. ಆರು ವರ್ಷ ಆಯಿತು. ಮೈ ಪೂರಾ ಮಂಕಾಗಿದೆ. ಕುಳಿತು ಎದ್ದರೆ ಪ್ಯಾಂಟಿಗೆ ಪುಡಿ ಹತ್ತುತ್ತದೆ. ತೆಂಗಿನೆಣ್ಣೆ ಒರೆಸಿ ನೋಡಿದೆ. ನಾಲ್ಕು ದಿನ ಮಿಂಚಿತು, ಆಮೇಲೆ ಧೂಳು ಮೆತ್ತಿ ಮೊದಲಿಗಿಂತ ಹೊಲಸಾಯಿತು. ಪೇಂಟ್ ಹೊಡೆಸಲೇಬೇಕಾ?

ಉತ್ತರ: ಪೇಂಟಿಗೆ ಅವಸರ ಮಾಡಬೇಡಿ. ಹುಬ್ಬಳ್ಳಿಯ ನನ್ನ ಶೆಡ್ಡಿಗೆ ಹೀಗೆ ಮಂಕಾದ ಮಾಲು ಬಂದಾಗ ನಾನು ಮೊದಲು ಕೇಳುವುದು ಒಂದು ತಂಬಿಗೆ ನೀರು. ದೋಣಿ ಒಣಗಿದ್ದಾಗ ಮೈಗೆ ನೀರು ಸುರಿಯಿರಿ. ಒದ್ದೆಯಾದ ಜಾಗದಲ್ಲಿ ಹಳೆಯ ಬಣ್ಣ ಎದ್ದು ಬಂತು ಅಂದರೆ ಉಜ್ಜಿದರೆ ಹೊಳಪು ಬರುತ್ತದೆ. ಒದ್ದೆಯಾದರೂ ಕೆಂಪು ಗುಲಾಬಿಯಾಗಿಯೇ ಇದ್ದರೆ, ಅಥವಾ ಒಳಗಿನ ನಾರಿನ ಗುರುತು ಕಂಡರೆ, ಆಗ ಪೇಂಟಿನ ಮಾತು.

ಅದಕ್ಕೂ ಮುಂಚೆ ಒಂದು ಅನುಮಾನ. ನಿಮ್ಮದು ನಿಜವಾಗಿ ಫೈಬರ್ ಹೌದಾ? ಸೀಟಿನ ಕೆಳಗೆ ಬಗ್ಗಿ ನೋಡಿ. ಒಣಹುಲ್ಲು ಚೆಲ್ಲಿದ ಹಾಗೆ ಗಾಜಿನ ಎಳೆ ಕಂಡರೆ ಫೈಬರ್. ಒಳಗೂ ಹೊರಗೂ ಒಂದೇ ಬಣ್ಣ, ನೀರಿನ ಟ್ಯಾಂಕಿನ ಹಾಗೆ ಮೇಣ ಮೇಣ ಅನಿಸಿದರೆ ಅದು ಪಾಲಿಥೀನ್. ಅದಾಗಿದ್ದರೆ ಮುಂದಿನದು ಓದಬೇಡಿ, ಸೋಪು ಹಾಕಿ ತೊಳೆದು ಬಿಟ್ಟುಬಿಡಿ. ಆದರೆ ಪುಡಿ ಹತ್ತುತ್ತದೆ ಅಂತೀರಲ್ಲ, ಹೆಚ್ಚಾಗಿ ಫೈಬರೇ ಇರಬೇಕು.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಎರೆಯುವುದನ್ನು ನೋಡಿದ್ದೀರಲ್ಲ? ಪಾಕ ಕಟ್ಟಿಗೆಯ ಅಚ್ಚಿನ ಗೆರೆಗಳನ್ನೆಲ್ಲ ಹಿಡಿದುಕೊಂಡು ಹೊರಗೆ ಬರುತ್ತದೆ. ಫೈಬರ್ ದೋಣಿಯೂ ಹಾಗೆಯೇ. ಕನ್ನಡಿಯಂತೆ ಪಾಲಿಶ್ ಮಾಡಿದ ಅಚ್ಚಿಗೆ ಮೊದಲು ಬಣ್ಣ ಬೆರೆಸಿದ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ಅಂಟು ದ್ರವ, ಹೊಡೆಯುತ್ತಾರೆ. ಇದೇ ಜೆಲ್ ಕೋಟ್. ಅದರ ಹಿಂದೆ ಗಾಜಿನ ನಾರು, ಮತ್ತೆ ರೆಸಿನ್. ಅಂದರೆ ನಿಮ್ಮ ದೋಣಿಗೆ ಮೊದಲ ದಿನ ಇದ್ದ ಹೊಳಪು ಅಚ್ಚಿನದು. ಬಿಸಿಲಿನ ಅತಿನೇರಳೆ ಕಿರಣ ಈ ಜೆಲ್ ಕೋಟಿನ ಮೇಲ್ಮೈಯನ್ನು ಕೆಡಿಸಿ ಸುಣ್ಣದ ಪುಡಿಯಂತೆ ಮಾಡುತ್ತದೆ. ಪ್ಯಾಂಟಿಗೆ ಹತ್ತಿದ್ದು ಅದೇ. ಎಣ್ಣೆ ಆ ಪುಡಿಯನ್ನು ಒದ್ದೆ ಮಾಡುತ್ತದೆ, ತೆಗೆಯುವುದಿಲ್ಲ.

ಪುಡಿಯಾದ ಪದರ ತೆಗೆದರೆ ಕೆಳಗೆ ಗಟ್ಟಿ ಬಣ್ಣ ಇದೆ. ಆದರೆ ಜೆಲ್ ಕೋಟ್ ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು, ದಪ್ಪನೆಯ ಲಗ್ನಪತ್ರಿಕೆಯಷ್ಟು. ಪ್ರತಿ ಸಲ ಉಜ್ಜಿದಾಗ ಅದರಲ್ಲೇ ಸ್ವಲ್ಪ ಖರ್ಚಾಗುತ್ತದೆ. ಜಿಪುಣರಾಗಿರಿ.

ದೋಣಿಯನ್ನು ದಂಡೆಯಿಂದ ದೂರ, ನೆರಳಿಗೆ ತನ್ನಿ. ತೊಳೆದ ನೀರು ಹೊಂಡಕ್ಕೆ ಇಳಿಯಬಾರದು, ಮೀನಿದ್ದರಂತೂ ಬೇಡವೇ ಬೇಡ. ಸೋಪಿನ ನೀರಿನಿಂದ ಎಣ್ಣೆ, ಪಾಚಿ ಪೂರ್ತಿ ಹೋಗುವವರೆಗೆ ತೊಳೆಯಿರಿ. ಎಣ್ಣೆ ಹಚ್ಚಿದ್ದಕ್ಕೆ ಇದು ನಿಮಗೆ ಶಿಕ್ಷೆ, ಎರಡು ಸಲ ತೊಳೆಯಬೇಕಾಗುತ್ತದೆ. ಹೊಂಡಕ್ಕೆ ಬೋರಿನ ಸವಳು ನೀರು ಬಿಡುತ್ತಿದ್ದರೆ ನೀರಿನ ಮಟ್ಟದಲ್ಲಿ ಬಿಳಿ ಗೆರೆ ಕಟ್ಟಿರುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅರಿವೆ ನೆನೆಸಿ ಹತ್ತು ನಿಮಿಷ ಅಂಟಿಸಿಡಿ, ಬಿಡುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ಹಾಕಬೇಡಿ, ಪೆಡಲಿನ ಕಬ್ಬಿಣ ತಿಂದುಬಿಡುತ್ತದೆ.

ಈಗ ಒಂದು ಗೇಣು ಜಾಗದಲ್ಲಿ ರಬ್ಬಿಂಗ್ ಕಾಂಪೌಂಡ್ (ಮೈ ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಕೈಯಿಂದ ಉಜ್ಜಿ ನೋಡಿ. ಹೊಳಪು ಬಂದರೆ ಅಲ್ಲಿಗೆ ಸಾಕು, ಇಡೀ ದೋಣಿಗೆ ಅದನ್ನೇ ಮಾಡಿ. ಬಿಳಿ ದೋಣಿ ಇಷ್ಟರಲ್ಲೇ ಮುಗಿಯಬಹುದು. ಕೆಂಪಿಗೆ ಮಾತ್ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಉಪ್ಪು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ಬೇಕಾಗುತ್ತದೆ ಅಂತ ನನ್ನ ಅಂದಾಜು, ಗಾಢ ಬಣ್ಣದಲ್ಲಿ ಬಿಸಿಲಿನ ಪೆಟ್ಟು ಜಾಸ್ತಿ ಕಾಣುತ್ತದೆ. 1000 ನಂಬರಿನಿಂದ ಶುರು ಮಾಡಿ, ಆಮೇಲೆ 1500, ಕೊನೆಗೆ 2000. ರಬ್ಬರ್ ತುಂಡಿಗೆ ಪೇಪರ್ ಸುತ್ತಿ, ನೀರು ಹಾಕುತ್ತ ಕೈಯಿಂದಲೇ ಉಜ್ಜಿ. ಪ್ರತಿ ನಂಬರಿಗೂ ಮುಂಚೆ ಮೈ ಒರೆಸಿ ಪೆನ್ಸಿಲ್ಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಗೆರೆ ಅಳಿಸಿತೋ, ಆ ಜಾಗ ಆಯಿತು, ಮುಂದೆ ಹೋಗಿ. ಗೆರೆ ಇಲ್ಲದಿದ್ದರೆ ಕೈ ತನಗೆ ಇಷ್ಟವಾದ ಜಾಗದಲ್ಲೇ ಸುತ್ತುತ್ತಿರುತ್ತದೆ. 2000 ಮುಗಿದಾಗ ದೋಣಿ ಮೊದಲಿಗಿಂತ ಮಂಕಾಗಿ ಕಾಣುತ್ತದೆ. ಹೆದರಬೇಡಿ. ಕಾಂಪೌಂಡ್ ಆಮೇಲೆ ಬರುತ್ತದೆ.

ಇನ್ನು ಕಾಂಪೌಂಡ್ ಉಜ್ಜುವ ಮಷೀನ್ ವಿಷಯ. ಬಾಡಿಗೆಗೆ ತರುವುದಾದರೆ ಸ್ಪೀಡ್ ಕಡಿಮೆ ಮಾಡಲು ಬರುವ ಪಾಲಿಶಿಂಗ್ ಮಷೀನನ್ನೇ ತನ್ನಿ. ನಿಮಿಷಕ್ಕೆ 1000ದಿಂದ 1500 ಸುತ್ತು ಸಾಕು. ನಾನು ಹೊಸದಾಗಿ ಕೆಲಸ ಹಿಡಿದಾಗ ಬುದ್ಧಿವಂತಿಕೆ ಮಾಡಿ, ವೆಲ್ಡಿಂಗಿನವರ ಹತ್ತಿರ ಇದ್ದ ಗ್ರೈಂಡರಿಗೆ ಉಣ್ಣೆಯ ಪ್ಯಾಡ್ ಕಟ್ಟಿದ್ದೆ. ಅದು ತಿರುಗುವುದು 11,000. ಗೆಳೆಯನ ದೋಣಿಯ ಮೂಗಿನಲ್ಲಿ ಎರಡು ಎಣಿಸುವಷ್ಟರಲ್ಲಿ ಹಳದಿ ಕಲೆ ಬಿತ್ತು, ಅಂಚಿನಲ್ಲಿ ಜೆಲ್ ಕೋಟ್ ಹರಿದು ನಾರು ಕಂಡಿತು. ಅಂಚು, ಮೂಲೆಗಳಲ್ಲಿ ಜೆಲ್ ಕೋಟ್ ತೆಳುವಾಗಿರುವ ಸಾಧ್ಯತೆ ಜಾಸ್ತಿ, ಪ್ಯಾಡೂ ಅಲ್ಲೇ ಜಾಸ್ತಿ ಒತ್ತುತ್ತದೆ. ಅಲ್ಲಿ ಈಗಲೂ ನಾನು ಮಷೀನ್ ಮುಟ್ಟಿಸುವುದಿಲ್ಲ, ಬನಿಯನ್ ಬಟ್ಟೆಯಿಂದಲೇ ಉಜ್ಜುತ್ತೇನೆ. ಉಳಿದ ಕಡೆಯೂ ಪ್ಯಾಡ್ ಒಂದೇ ಕಡೆ ನಿಲ್ಲಬಾರದು. ನೆಲ ಒದ್ದೆ ಇರುವಾಗ ಮಷೀನ್ ಹಚ್ಚಬೇಡಿ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ.

ಹೊಳಪು ಬಂದ ದಿನವೇ ಮೇಣ ಹಚ್ಚಿ. ಕಾರಿಗೆ ಹಚ್ಚುವ ಕಾರ್ನೂಬಾ ಮೇಣ ಆಗುತ್ತದೆ. ತೆಳ್ಳಗೆ ಒಂದು ಸಲ, ಅದನ್ನು ಒರೆಸಿ ಇನ್ನೊಂದು ಸಲ. ಸೀಟು, ಕಾಲಿಡುವ ಜಾಗಕ್ಕೆ ಮಾತ್ರ ಬೇಡ. ಒದ್ದೆ ಕಾಲಿನ ಮಕ್ಕಳು ಜಾರುತ್ತಾರೆ. ಡ್ಯಾಶ್‌ಬೋರ್ಡ್ ಪಾಲಿಶ್ ಕೂಡ ಬೇಡ. ಅದರಲ್ಲಿ ಸಿಲಿಕೋನ್ ಇದ್ದರೆ ನಾಳೆ ಪೇಂಟ್ ಹೊಡೆಸುವಾಗ ಬಣ್ಣ ಕೂರದೆ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ.

ಮೇಣ ನಮ್ಮ ಬಿಸಿಲಿಗೆ ಮೂರು ತಿಂಗಳು ತಡೆದರೆ ದೊಡ್ಡದು. ಮತ್ತೆ ಹಚ್ಚುತ್ತಿರಬೇಕು. ಇದಕ್ಕಿಂತ ಅಗ್ಗದ ದಾರಿ ಚಪ್ಪರ. ಮಂದಿ ಬರುವುದು ಶನಿವಾರ, ಭಾನುವಾರ ಅಲ್ವಾ? ಉಳಿದ ಐದು ದಿನ ದೋಣಿಗೆ ಬಿಸಿಲಲ್ಲಿ ಏನು ಕೆಲಸ? ಎಳೆದು ಚಪ್ಪರದ ಕೆಳಗೆ ಬೋರಲು ಹಾಕಿ. ತಾಡಪತ್ರಿ ಹೊದಿಸುವುದಾದರೆ ಮೈಗೆ ಅಂಟದ ಹಾಗೆ ಎತ್ತರಕ್ಕೆ ಕಟ್ಟಿ, ಗಾಳಿ ಆಡಬೇಕು.

ಕೆಂಪು ದೋಣಿ ಇಷ್ಟಕ್ಕೂ ಬಗ್ಗದಿದ್ದರೆ ಪೇಂಟ್ ಹೊಡೆಸಿ. ಮನೆಯ ಗ್ರಿಲ್ಲಿಗೆ ಹೊಡೆದು ಉಳಿದ ಎನಾಮೆಲ್ ಬೇಡ, ಗಟ್ಟಿ ಮಾಡುವ ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಪೇಂಟ್, ಅದು ಹಿಡಿದು ಕೂರಲು ಕೆಳಗೆ ಎಪಾಕ್ಸಿ ಪ್ರೈಮರ್. ಅದು ಕಾರಿನ ಪೇಂಟರ್ ಕೆಲಸ, ನೀವು ಮಾಡಲು ಹೋಗಬೇಡಿ.

ಪ್ರಶ್ನೆ: ನನ್ನ ಬೈಕಿನ ಕಪ್ಪು ಮಡ್‌ಗಾರ್ಡ್ ಬೂದಿ ಬಣ್ಣಕ್ಕೆ ತಿರುಗಿದೆ. ಕಾಂಪೌಂಡ್ ಹಾಕಲಾ? (ಗದಗದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಬೇಡಪ್ಪ. ಅದು ಫೈಬರ್ ಅಲ್ಲ, ಸಾದಾ ಪ್ಲಾಸ್ಟಿಕ್. ತರಿ ತರಿ ಮೈ ಇದ್ದರೆ ಕಾಂಪೌಂಡ್ ಸಂದಿಗಳಲ್ಲಿ ಕೂತು ಇನ್ನೂ ಬಿಳಿಚುತ್ತದೆ, ಆಮೇಲೆ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕಾಗುತ್ತದೆ. ಕಪ್ಪು ಪ್ಲಾಸ್ಟಿಕ್ಕಿಗೆ ಅಂತಲೇ ಟ್ರಿಮ್ ಪಾಲಿಶ್ ಸಿಗುತ್ತದೆ, ಆಗಾಗ ಒರೆಸುತ್ತಿರಬೇಕು. ಅಂಗಡಿಯಲ್ಲಿ ಹೊಸ ಮಡ್‌ಗಾರ್ಡಿನ ರೇಟನ್ನೂ ಒಮ್ಮೆ ಕೇಳಿ ಬಾ.