ಐದು ನಿಮಿಷ ಎಂದರೆ ಎಷ್ಟು?

‘ಮದುವೆಗೆ ಹೊರಡುವಾಗ ನನ್ನ ಶ್ರೀಮತಿಯ “ಐದು ನಿಮಿಷ” ಎಂದರೆ ಮುಕ್ಕಾಲು ಗಂಟೆ. ಹೆಂಗಸರಿಗೆ ಹೊತ್ತಿನ ಅಂದಾಜಿಲ್ಲ ಎಂದು ವಿಜ್ಞಾನವೂ ಒಪ್ಪುತ್ತದೆಯೇ? ನನಗೋ ಎಪ್ಪತ್ತೆರಡು, ವರ್ಷಗಳು ಓಡುತ್ತಿವೆ.’
— ನಿವೃತ್ತ ಅಧಿಕಾರಿ, ವಿರಾಜಪೇಟೆ

ನಿಮ್ಮ ಅಕ್ಷರ ಮುತ್ತಿನಂತಿದೆ, ಪ್ರಶ್ನೆ ಮಾತ್ರ ತುಸು ಸೊಟ್ಟ. ಕಳೆದ ಹೊತ್ತನ್ನು ಅಳೆಯುವಲ್ಲಿ ಗಂಡುಹೆಣ್ಣಿನ ನಡುವೆ ಅಷ್ಟಿಷ್ಟು ವ್ಯತ್ಯಾಸವನ್ನು ಸಂಶೋಧಕರು ಕಂಡಿದ್ದಾರೆ, ಒಪ್ಪಿದೆ. ಆದರೆ ಅದು ಬಲು ಸಣ್ಣದು. ಮುಕ್ಕಾಲು ಗಂಟೆಯನ್ನು ಅದರ ತಲೆಗೆ ಕಟ್ಟಲಾಗದು.

ಆ ಮುಕ್ಕಾಲು ಗಂಟೆ ನೀವೆಲ್ಲಿದ್ದಿರಿ? ಜಗಲಿಯಲ್ಲಿ, ಗಡಿಯಾರ ನೋಡುತ್ತಾ. ಹೊತ್ತನ್ನೇ ಕಾಯುತ್ತ ಕುಳಿತವರಿಗೆ ಹೊತ್ತು ಹಿಗ್ಗುತ್ತದೆ. ಒಳಗೆ ಅವರು ಗ್ಯಾಸ್ ಆರಿಸಿ, ನಾಯಿಗೆ ಅನ್ನ ಹಾಕಿ, ಕಣದ ಕಾಫಿಗೆ ಟಾರ್ಪಾಲು ಎಳೆದು, ಕನ್ನಡಕ ಹುಡುಕುತ್ತಿದ್ದರು. ನಿಮ್ಮ ಕನ್ನಡಕವನ್ನು. ಕೈತುಂಬ ಕೆಲಸವಿದ್ದವರಿಗೆ ಅದು ಐದೇ ನಿಮಿಷ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97. ನಿಮ್ಮ ಪಾಲೆಷ್ಟೆಂದು ಕೇಳುವುದಿಲ್ಲ.

ಇನ್ನು ಓಡುವ ವರ್ಷಗಳು. ಹತ್ತರ ಹುಡುಗನಿಗೆ ಒಂದು ವರ್ಷ ಬದುಕಿನ ಹತ್ತರಲ್ಲೊಂದು ಪಾಲು, ಐವತ್ತರವನಿಗೆ ಐವತ್ತರಲ್ಲೊಂದು ಎಂದು ಫ್ರಾನ್ಸಿನ ತತ್ವಜ್ಞಾನಿ ಪಾಲ್ ಜಾನೆ ಲೆಕ್ಕ ಹಾಕಿದ್ದರು. 1890ರಲ್ಲಿ ಅದನ್ನು ಉಲ್ಲೇಖಿಸಿದ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಅಷ್ಟಕ್ಕೇ ತೃಪ್ತರಾಗಲಿಲ್ಲ: ಹೊಸತಿಲ್ಲದ ದಿನಗಳು ನೆನಪಿನಲ್ಲಿ ಗುರುತೇ ಉಳಿಸುವುದಿಲ್ಲ ಎಂದರು. 2005ರಲ್ಲಿ ವಿಟ್‌ಮನ್ ಮತ್ತು ಲೆನ್‌ಹಾಫ್ ಎಂಬ ಸಂಶೋಧಕರು 14ರಿಂದ 94 ವಯಸ್ಸಿನ 499 ಮಂದಿಯನ್ನು ಕೇಳಿದಾಗ, ವಾರ ತಿಂಗಳುಗಳ ಓಟ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಿಂದಿನ ಹತ್ತು ವರ್ಷದ ಮಾತು ಬಂದಾಗಲೇ ವಯಸ್ಸಾದವರು ‘ಓಡಿತು’ ಎಂದದ್ದು, ಅದೂ ತುಸುವೇ.

ನನ್ನ ಅಮ್ಮ ಗಡಿಯಾರ ಕಟ್ಟಿದವಳಲ್ಲ. ಅವಳ ವರ್ಷಗಳಿಗೆ ಸಂಖ್ಯೆಯೂ ಇರಲಿಲ್ಲ. ಕಾಫಿ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ, ನಮ್ಮ ಸುಗ್ಗಿಹಬ್ಬ ಹುತ್ತರಿಯ ಕದಿರು ಕೊಯ್ಯುವ ರಾತ್ರಿ ಮಳೆ ಸುರಿದ ವರ್ಷ, ಕರು ತೋಡಿಗೆ ಬಿದ್ದ ವರ್ಷ. ತೊಂಬತ್ತರಲ್ಲೂ ಒಂದು ಇನ್ನೊಂದರೊಳಗೆ ಬೆರೆಯಲಿಲ್ಲ. ನಾವೋ ಗದ್ದೆ ಪಾಳು ಬಿಟ್ಟು ಕದಿರನ್ನು ಪಕ್ಕದವರ ಗದ್ದೆಯಿಂದ ತರುತ್ತೇವೆ. ಉಳಿದಿರುವ ಪಂಚಾಂಗವೆಂದರೆ ಶನಿವಾರ ಮಡಿಕೇರಿ ರಸ್ತೆಯಲ್ಲಿ ಸಾಲುಗಟ್ಟುವ ಪ್ರವಾಸಿಗರ ಕಾರು. ಒಂದು ಶನಿವಾರದಂತೆಯೇ ಇನ್ನೊಂದು. ವರ್ಷ ಓಡದೆ ಏನು ಮಾಡೀತು?

ಮುಂದಿನ ಮದುವೆಗೆ ನಾಯಿಯ ಅನ್ನವನ್ನೂ ಟಾರ್ಪಾಲನ್ನೂ ನೀವು ನೋಡಿಕೊಳ್ಳಿ. ಎಷ್ಟು ಹೊತ್ತಾಯಿತೆಂದು ಬರೆಯಿರಿ. ಕನ್ನಡಕ ಹುಡುಕಿದ್ದನ್ನೂ ಸೇರಿಸಿ.