ಚಳಿಗಾಲದಲ್ಲಿ ಗ್ವಾಡಲೂಪ್ ಪೀಕ್ ಹತ್ತಲು ಯಾವ ಜಾಕೆಟ್ ಕೊಳ್ಳಬೇಕು?

ಜಾಕೆಟ್ ಪ್ರಶ್ನೆ ಸ್ವಲ್ಪ ಪಕ್ಕಕ್ಕಿಡಿ. ಡಿಸೆಂಬರಿನಲ್ಲಿ ಟೆಕ್ಸಾಸಿನ ಅತಿ ಎತ್ತರದ ಬೆಟ್ಟ ಹತ್ತಬೇಕು, ಕುಮಾರ ಪರ್ವತ ಹತ್ತಿ ಅಭ್ಯಾಸವಿದೆ, ಚಳಿಯದ್ದೊಂದೇ ಚಿಂತೆ ಅಂತ ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಹೊರಟವನು. ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಜಾಕೆಟ್ಟನ್ನೇ ಕೊಂಡಿದ್ದೆ. ತುದಿಗೆ ಇನ್ನೊಂದು ಮೈಲಿ ಇರುವಾಗ, ಆ ಜಾಕೆಟ್ಟಿನೊಳಗೇ ನಡುಗುತ್ತಾ ವಾಪಸ್ ಇಳಿಯಬೇಕಾಯಿತು.

ಭಾವನ ಜೊತೆ ಹೋಗಿದ್ದೆ. ಬೆಳಕು ಹರಿಯುವ ಹೊತ್ತಿಗೆ, ಹತ್ತುವ ದಾರಿ ಶುರುವಾಗುವ ಪೈನ್ ಸ್ಪ್ರಿಂಗ್ಸ್ ತಲುಪಿದೆವು. ಕಾರಿನಿಂದ ಇಳಿದ ಕೂಡಲೇ ಕಿವಿ ಮರಗಟ್ಟಿತು. ಒಳಗೆ ಕಾಟನ್ ಬನಿಯನ್, ಮೇಲೆ ತುಂಬು ತೋಳಿನ ಕಾಟನ್ ಟೀ ಶರ್ಟ್, ಅದರ ಮೇಲೆ ಆ ಜಾಕೆಟ್. ಬೆಚ್ಚಗಿತ್ತು. ಹಾಗೇ ನಡೆಯಲು ಶುರು ಮಾಡಿದೆ.

ಅಲ್ಲೇ ಎಲ್ಲ ಕೆಟ್ಟಿತು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆ ಓದಿದರೆ ನೀವೂ ಅದನ್ನೇ ಮಾಡುತ್ತೀರಿ ಅನಿಸುತ್ತದೆ. ಈ ದಾರಿಯ ಮೊದಲ ಒಂದೂವರೆ ಮೈಲಿಯೇ ಬಲು ಕಡಿದು. ತಿರುವು ತಿರುವಾಗಿ ಏರುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಬೆನ್ನು ಬೆವರಿತು. ಬ್ಯಾಗ್ ಇಳಿಸಿ ಜಾಕೆಟ್ ಬಿಚ್ಚಲು ಬೇಜಾರು. ಭಾವ ಮುಂದೆ ಹೋಗುತ್ತಿದ್ದರು. ಹೇಗೂ ಮೇಲೆ ಚಳಿ ಇದ್ದೇ ಇರುತ್ತದಲ್ಲ, ಮತ್ತೆ ಹಾಕಿಕೊಳ್ಳುವುದಕ್ಕೆ ಈಗ ಯಾಕೆ ತೆಗೆಯಬೇಕು ಅಂದುಕೊಂಡೆ. ಬನಿಯನ್ ಪೂರ್ತಿ ನೆನೆಯಿತು. ಟೀ ಶರ್ಟೂ ನೆನೆಯಿತು.

ಕುಕ್ಕೆಯ ಕಾಡಿನಲ್ಲಿ ನಾವೆಲ್ಲ ಹೀಗೇ ನೆನೆದವರು, ಏನೂ ಆಗಲಿಲ್ಲ ಅಲ್ವಾ? ಅಲ್ಲಿ ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ, ಬೆವರು ಮೈಮೇಲೆ ಹರಿಯುತ್ತದೆಯೇ ಹೊರತು ಬೇಗ ಆರುವುದಿಲ್ಲ. ಗ್ವಾಡಲೂಪ್ ಇರುವುದು ಚಿವಾವನ್ ಮರುಭೂಮಿಯಲ್ಲಿ. ಗಾಳಿ ಒಣ, ಜೊತೆಗೆ ಜೋರು. ಬೆವರು ಆರುವುದಕ್ಕೆ ಶಾಖ ಬೇಕು, ಆ ಶಾಖವನ್ನು ಅದು ನಿಮ್ಮ ಮೈಯಿಂದಲೇ ಎಳೆದುಕೊಳ್ಳುತ್ತದೆ. ಕಾಟನ್ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಆ ಎಳೆತ ನಿಲ್ಲುವುದೇ ಇಲ್ಲ. ನಡೆಯುವಷ್ಟು ಹೊತ್ತು ಮೈ ಶಾಖ ಹುಟ್ಟಿಸಿ ಸರಿದೂಗಿಸುತ್ತದೆ. ನಿಂತರೆ ಮುಗಿಯಿತು. ನನ್ನ ಜಾಕೆಟ್ಟಿನಲ್ಲಿದ್ದದ್ದು ಹಕ್ಕಿಯ ಪುಕ್ಕ. ಒಳಗಿನಿಂದ ಒದ್ದೆಯಾಗಿ ಅದು ಗಂಟುಗಂಟಾಯಿತು. ಗಂಟಾದ ಪುಕ್ಕ ಗಾಳಿಯನ್ನು ಹಿಡಿದಿಡುವುದಿಲ್ಲ, ಹಾಗಾಗಿ ಬೆಚ್ಚಗೂ ಇಡುವುದಿಲ್ಲ.

ಒಂದೂವರೆ ಮೈಲಿ ಆದ ಮೇಲೆ ದಾರಿ ಒಂದು ಬಂಡೆಯ ಅಂಚನ್ನು ಸುತ್ತಿ ಉತ್ತರದ ಇಳಿಜಾರಿಗೆ ತಿರುಗುತ್ತದೆ. ಏರು ಕಡಿಮೆಯಾಗುತ್ತದೆ, ಅಂದರೆ ಮೈಯ ಬಿಸಿಯೂ ಕಡಿಮೆ. ಅದೇ ಹೊತ್ತಿಗೆ ಬಿಸಿಲು ಹೋಗಿ ಮರಗಳ ನೆರಳು ಬರುತ್ತದೆ. ಮೂರೂ ಒಟ್ಟಿಗೆ. ಮೂರು ಮೈಲಿಯ ಹತ್ತಿರ ತುದಿ ಬಂತು ಅನಿಸುವ ಜಾಗವೊಂದಿದೆ. ಅದು ತುದಿಯಲ್ಲ, ಅಲ್ಲಿಂದ ಇನ್ನೊಂದು ಮೈಲಿ. ಅಲ್ಲಿ ನಿಂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರೆ ಬೆರಳು ಕೇಳಲಿಲ್ಲ. ಭಾವನಿಗೆ ಏನೋ ಹೇಳಿದೆ, ಮಾತು ತೊದಲಿತು. ಅವರು ತಕ್ಷಣ ನನ್ನನ್ನು ಬಂಡೆಯ ಮರೆಗೆ ಕೂರಿಸಿ, ಒದ್ದೆ ಬಟ್ಟೆಯೆಲ್ಲ ಬಿಚ್ಚಿಸಿ, ತಮ್ಮ ಬ್ಯಾಗಿನಲ್ಲಿದ್ದ ಒಣ ಉಣ್ಣೆಯ ಅಂಗಿ ಹಾಕಿಸಿದರು. ಕಡಲೆ ಚಿಕ್ಕಿ ತಿನ್ನಿಸಿದರು. ತುದಿ ನೋಡೋಣ ಅಂತ ನಾನು ಹೇಳುತ್ತಲೇ ಇದ್ದೆ. ಅವರು ಒಪ್ಪಲಿಲ್ಲ. ಅವರಿಗೆ ನಾನು ಇವತ್ತಿಗೂ ಋಣಿ. ಬೆರಳು ಕೇಳದಿರುವುದು, ಮಾತು ತೊದಲುವುದು, ಹಠ ಮಾಡುವುದು, ಇವೆಲ್ಲ ಮೈ ತೀರಾ ತಣ್ಣಗಾಗುತ್ತಿರುವ ಲಕ್ಷಣ. ಆಗುತ್ತಿರುವವರಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ.

ಮುಂದಿನ ಚಳಿಗಾಲ ಮತ್ತೆ ಹೋದೆ. ಈ ಸಲ ಹೊರಡುವಾಗ ಚಳಿಯಾಗುವಷ್ಟು ಕಡಿಮೆ ಬಟ್ಟೆ: ಬೇಗ ಆರುವ ತೆಳು ಅಂಗಿ, ಮೇಲೊಂದು ತೆಳು ಫ್ಲೀಸ್ (ಉಣ್ಣೆಯಂಥ ಮೃದು ಸಿಂಥೆಟಿಕ್ ಅಂಗಿ). ಬೆವರು ಬರುವ ಮೊದಲೇ ಫ್ಲೀಸ್ ಬ್ಯಾಗಿಗೆ. ಬಂಡೆಯ ಅಂಚಿಗೆ ಬರುವ ಮುಂಚೆ, ಇನ್ನೂ ಮರೆಯಲ್ಲಿ ಇರುವಾಗಲೇ, ಗಾಳಿ ತಡೆಯುವ ತೆಳು ಜಾಕೆಟ್ ಮತ್ತು ಟೋಪಿ. ದಪ್ಪ ಜಾಕೆಟ್ ಕೂತು ತಿನ್ನುವಾಗ ಮಾತ್ರ ಹೊರಗೆ ಬಂತು. ಬದಲಿಸಲು ಒಂದು ಒಣ ಅಂಗಿ ಪ್ಲಾಸ್ಟಿಕ್ ಚೀಲದಲ್ಲಿ. ಸುಳ್ಳು ತುದಿ ದಾಟಿ, ಮರದ ಸಣ್ಣ ಸೇತುವೆ ದಾಟಿ, 8,751 ಅಡಿಯ ತುದಿಯಲ್ಲಿ ನಿಲ್ಲಿಸಿರುವ ಸ್ಟೀಲಿನ ಪಿರಮಿಡ್ ಮುಟ್ಟಿದೆ. ಎಲ್ ಕ್ಯಾಪಿಟನ್ ಬಂಡೆ ಕಾಲಕೆಳಗೆ ಕಾಣುತ್ತದೆ. ಇಡೀ ಬೆಟ್ಟವೇ ಒಂದು ಕಾಲದಲ್ಲಿ ಸಮುದ್ರದೊಳಗೆ ಬೆಳೆದ ದಿಬ್ಬ, ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಪಳೆಯುಳಿಕೆ ಇದೆ. ಅದಕ್ಕಾಗಿಯಾದರೂ ಹೋಗಲೇಬೇಕು.

ಹಾಗಾಗಿ ನಿಮ್ಮ ದುಡ್ಡು ಜಾಕೆಟ್ಟಿಗಲ್ಲ, ಮೈಗೆ ತಾಗುವ ಅಂಗಿಗೆ ಹಾಕಿ. ಎಷ್ಟು ವಾರ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಬೇಕು ಅಂತಲೂ ಕೇಳಿದ್ದೀರಿ. ಹೋಗಿ ಬರಲು 8.4 ಮೈಲಿ, ಏರು 3,000 ಅಡಿ. ಏರುವ ಎತ್ತರ ನೋಡಿದರೆ ಕುಮಾರ ಪರ್ವತವೇ ಜಾಸ್ತಿ. ಕಾಲಿಗೆ ನಿಮ್ಮ ಅಭ್ಯಾಸ ಸಾಕು. ಮೆಟ್ಟಿಲಿಗಿಂತ, ಬೆವರದ ವೇಗದಲ್ಲಿ ಹತ್ತುವುದನ್ನು ರೂಢಿ ಮಾಡಿಕೊಳ್ಳಿ. ಇದು ಕೇಳಿದಷ್ಟು ಸುಲಭವಲ್ಲ, ಗಟ್ಟಿ ಕಾಲಿನವರಿಗೇ ಇದು ಕಷ್ಟ.

ನೀರು. ದಾರಿಯಲ್ಲಿ ಒಂದು ಹನಿ ಸಿಗುವುದಿಲ್ಲ. ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಂಥದ್ದು ಇಲ್ಲಿಲ್ಲ. ದಿನಕ್ಕೆ ಒಬ್ಬರಿಗೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಅಂತ ಈ ಬೆಟ್ಟ ಇರುವ ರಾಷ್ಟ್ರೀಯ ಉದ್ಯಾನದವರು ಹೇಳುತ್ತಾರೆ. ಚಳಿಯಲ್ಲಿ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೂ ಕುಡಿಯುತ್ತಿರಿ. ಉತ್ತರದ ಇಳಿಜಾರಿನಲ್ಲಿ ಹಿಮ ಬಿದ್ದು ಗಟ್ಟಿಯಾಗಿದ್ದರೆ ಶೂಗೆ ತೊಡಿಸುವ ಲೋಹದ ಮುಳ್ಳುಗಳ ಮೈಕ್ರೋಸ್ಪೈಕ್ಸ್ ಬೇಕು. ಹೊರಡುವ ದಿನ ಉದ್ಯಾನದ ಕಚೇರಿಯಲ್ಲಿ ಕೇಳಿ. ಡಿಸೆಂಬರಿನಲ್ಲಿ ಸಂಜೆ 5ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ತುದಿ ಸಿಗಲಿ ಬಿಡಲಿ, ಮಧ್ಯಾಹ್ನ 1ಕ್ಕೆ ತಿರುಗಿ. ತಲೆಗೆ ಕಟ್ಟುವ ಟಾರ್ಚ್ ಇರಲಿ. ಉದ್ಯಾನದೊಳಗೆ ಪೆಟ್ರೋಲೂ ಊಟವೂ ಸಿಗುವುದಿಲ್ಲ, ಮುಂಚೆಯೇ ತುಂಬಿಸಿಕೊಳ್ಳಿ.

ಹವಾಮಾನ ನೋಡುವಾಗ ಡಿಗ್ರಿ ಬಿಟ್ಟು ಗಾಳಿಯ ವೇಗ ನೋಡಿ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 8. ಈ ಬೆಟ್ಟದಲ್ಲಿ ಚಳಿಗಾಲದ ಗಾಳಿ ಅದಕ್ಕಿಂತ ಎಷ್ಟೋ ಜೋರಾಗಿಯೂ ಬೀಸುತ್ತದೆ. ಹಾಗೆ ಕಂಡರೆ ತುದಿಯ ಆಸೆ ಬಿಟ್ಟು, ಅದೇ ಪೈನ್ ಸ್ಪ್ರಿಂಗ್ಸಿನಿಂದ ಹೊರಡುವ ಡೆವಿಲ್ಸ್ ಹಾಲ್ ದಾರಿ ಹಿಡಿಯಿರಿ. ಅದು ಕಣಿವೆಯೊಳಗಿನ ದಾರಿ, ಬಂಡೆಗಳ ಮೇಲೆ ಹತ್ತಿಳಿಯುವ ಮಜಾ ಅಲ್ಲೂ ಇದೆ.