ಓದುಗರ ಪ್ರಶ್ನೆ: ಸಿಲೆಬಸ್‌ಗೆ ಪ್ಲಾನ್ ಹಾಕುವುದು ಹೇಗೆ?

ಪ್ರಶ್ನೆ: ನಮ್ಮದು ಸ್ವಾಯತ್ತ ಕಾಲೇಜು. ಅರ್ಥಶಾಸ್ತ್ರ ಬಿ.ಎ. ಪಠ್ಯಕ್ರಮ ಹೊಸದಾಗಿ ಬರೆಯುತ್ತಿದ್ದೇವೆ. ‘ಕಟ್ಟಡಕ್ಕೆ ಪ್ಲಾನ್ ಹಾಕುವ ಹಾಗೆ ಯೋಚಿಸಿ’ ಎಂದರು ಆರ್ಕಿಟೆಕ್ಟ್ ಒಬ್ಬರು. ಅದನ್ನು ಮಾಡುವ ಬಗೆ ಹೇಗೆ?
– ಅಧ್ಯಾಪಕಿ, ಡೊಂಬಿವಲಿ

ಉತ್ತರ: ಒಂದೊಂದು ಪೇಪರಿನ ಹೆಸರನ್ನೂ ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಿ. ಯಾವುದನ್ನು ಓದದೆ ಯಾವುದು ಅರ್ಥವಾಗದೋ ಅಲ್ಲಿಗೆ ಬಾಣ ಎಳೆಯಿರಿ: ಗಣಿತದಿಂದ ಸಂಖ್ಯಾಶಾಸ್ತ್ರಕ್ಕೆ, ಅಲ್ಲಿಂದ, ಆರ್ಥಿಕ ಸಂಬಂಧಗಳನ್ನು ಅಂಕಿಅಂಶದಿಂದ ಅಳೆಯುವ ಎಕನಾಮೆಟ್ರಿಕ್ಸ್‌ಗೆ. ಹೆಚ್ಚು ಬಾಣ ಹೊರಡುವ ಪೇಪರೇ ಭಾರ ಹೊರುವ ಗೋಡೆ. ಅದನ್ನು ಎಲೆಕ್ಟಿವ್ (ಬೇಕಾದವರು ಮಾತ್ರ ಆರಿಸಿಕೊಳ್ಳುವ ಪೇಪರ್) ಮಾಡಿದರೆ ಬಿರುಕು ಕೂಡಲೇ ಕಾಣದು. ಐದನೇ ಸೆಮಿಸ್ಟರಿನಲ್ಲಿ ಎಕನಾಮೆಟ್ರಿಕ್ಸ್ ಮೇಷ್ಟ್ರು ಸಂಖ್ಯಾಶಾಸ್ತ್ರದ ವೇರಿಯನ್ಸ್ (ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆ) ಅಂದರೇನು ಎಂಬಲ್ಲಿಂದ ಶುರು ಮಾಡಬೇಕಾದಾಗ ಕಾಣುತ್ತದೆ. ಬಾಣವೇ ಇಲ್ಲದ್ದು ಬರೀ ಪಾರ್ಟಿಷನ್. ಎತ್ತಿ ಎಲ್ಲಿ ಬೇಕಾದರೂ ಇಡಬಹುದು, ತೆಗೆಯಲೂಬಹುದು. (ಮೀಟಿಂಗಿನಲ್ಲಿ ಜಗಳವಾಗುವುದು ಮಾತ್ರ ಸಾಮಾನ್ಯವಾಗಿ ಇವುಗಳ ಮೇಲೆಯೇ.)

ಮುಂದಿನದು ಮೆಟ್ಟಿಲು. 150 ಮಿ.ಮೀ. ಎತ್ತರದ ಮೆಟ್ಟಿಲುಗಳ ನಡುವೆ ಒಂದೇ ಒಂದು 180 ಇದ್ದರೂ ಜನ ಎಡವುವುದು ಅಲ್ಲೇ. ಪ್ರತಿ ಸೆಮಿಸ್ಟರಿಗೂ 20 ಕ್ರೆಡಿಟ್ ಎಂದು ಕಾಗದದಲ್ಲಿ ಸಮ ಮಾಡಿ ಸುಮ್ಮನಾಗಬೇಡಿ. ಒಂದು ಕ್ರೆಡಿಟ್ ಎಂದರೆ ಥಿಯರಿಗೆ 15 ಗಂಟೆ, ಪ್ರಾಕ್ಟಿಕಲ್‌ಗೆ 30. ಪ್ರಾಕ್ಟಿಕಲ್‌ಗಳೆಲ್ಲ ಒಂದೇ ಕಡೆ ಬಿದ್ದರೆ ಕ್ರೆಡಿಟ್ ಅಷ್ಟೇ ಇರುತ್ತದೆ, ಹುಡುಗರು ಸಂಜೆಯ ಲೋಕಲ್ ರೈಲು ಹಿಡಿಯುವ ಹೊತ್ತು ಮುಂದೆ ಹೋಗುತ್ತದೆ. ಗಂಟೆಗಳನ್ನು ಕೂಡಿಸಿ ನೋಡಿ. 4 ಕ್ರೆಡಿಟ್ಟಿನ ಥಿಯರಿ ಪೇಪರಿಗೆ 60 ಗಂಟೆ. ಪಾಠವನ್ನು 52ಕ್ಕೆ ನಿಲ್ಲಿಸಿ. ಉಳಿದ ಎಂಟನ್ನು ಮಳೆಯೂ ಗಣೇಶೋತ್ಸವವೂ ಹೇಗೂ ನುಂಗುತ್ತವೆ.

ಬಾಗಿಲನ್ನೂ ಮರೆಯಬೇಡಿ. 2020ರ ಶಿಕ್ಷಣ ನೀತಿಯ ನಂತರದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ, ಮೊದಲ ವರ್ಷದ 40 ಕ್ರೆಡಿಟ್ಟಿನ ಜೊತೆ ಬೇಸಿಗೆಯ 4 ಕ್ರೆಡಿಟ್ಟಿನ ವೃತ್ತಿ ಕೋರ್ಸ್ ಮುಗಿಸಿದವರು ಸರ್ಟಿಫಿಕೇಟ್ ಪಡೆದು ಹೊರಡಬಹುದು. ಹಾಗಾಗಿ ಮೊದಲ ವರ್ಷ ಪೂರ್ತಿ ಬರೀ ತಳಪಾಯ ಹಾಕಿದರೆ ಹೊರಡುವವರ ಕೈಯಲ್ಲಿ ಏನೂ ಇರುವುದಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಅಂಕಿಅಂಶ ನಿಭಾಯಿಸುವುದಾದರೂ ಅಷ್ಟರಲ್ಲಿ ಬಂದಿರಲಿ.

ಪ್ರಶ್ನೆ: ಬೇರೆ ಬೇರೆ ಪೇಪರುಗಳನ್ನು ಬೆಸೆಯುವುದು ಹೇಗೆ?
– ಓದುಗರು, ಪುಣೆ

ಉತ್ತರ: ನಿಮ್ಮೂರಿನಲ್ಲೇ ಇರುವ, ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ವಿನ್ಯಾಸದ ಖಗೋಳ ಸಂಶೋಧನಾ ಕೇಂದ್ರ ಐಯುಕಾ ನೋಡಿ ಬನ್ನಿ, ಅಲ್ಲಿ ಕಟ್ಟಡಗಳ ನಡುವೆ ಕಲ್ಯಾಣಿಯಂತೆ ಮೆಟ್ಟಿಲಿಳಿಯುವ ಕುಂಡವಿರುವ ಅಂಗಳವಿದೆ. ನಾಲ್ಕನೇ ಸೆಮಿಸ್ಟರಿನಲ್ಲಿ ಅಂಥ ಅಂಗಳವಾಗಿ ಒಂದು ಪ್ರಾಜೆಕ್ಟ್ ಇಡಿ, ಮೂರು ಪೇಪರಿನ ಅಧ್ಯಾಪಕರೂ ಕೂಡಿ ನೋಡುವಂಥದ್ದು. ಒಂದೇ ವರದಿ, ಒಂದೇ ಕೊನೆಯ ದಿನ, ಒಂದೇ ಅಂಕಪಟ್ಟಿ. ಮೂವರೂ ಬೇರೆ ಬೇರೆ ಅಂಕ ಕೊಡಲು ಹೊರಟರೆ ಅದು ಮೂರು ಅಸೈನ್‌ಮೆಂಟ್ ಆಗಿಬಿಡುತ್ತದೆ.